ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ, ಮದರ್‌ಬೋರ್ಡ್ ಬದಲಿಸಲೇಬೇಕಾ?

ನೀವು ಬರೆದಿರುವುದು ಇಷ್ಟು: ಐದು ವರ್ಷದ ಡೆಸ್ಕ್‌ಟಾಪ್. ಹೋದ ತಿಂಗಳು ಇನ್ನೊಂದು 8 ಜಿಬಿ ರ‍್ಯಾಮ್, ಜೊತೆಗೆ ಒಂದು ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡ್ ಮೇಲೇ ಕೂರುವ ಡಿಸ್ಕ್) ಹಾಕಿಸಿದಿರಿ. ಅವತ್ತಿನಿಂದ ಒಮ್ಮೆ ಇಪ್ಪತ್ತು ನಿಮಿಷಕ್ಕೆ, ಒಮ್ಮೆ ಎರಡು ಗಂಟೆಗೆ ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕ್ ಈಗಲೂ ಕಾಣಿಸುತ್ತಿದೆ. ಅಂಗಡಿಯವರು "ಹಾರ್ಡ್‌ವೇರ್ ಕಾನ್‌ಫ್ಲಿಕ್ಟ್, ಮದರ್‌ಬೋರ್ಡ್ ಬದಲಿಸಿ" ಅಂದಿದ್ದಾರೆ.

ಸದ್ಯಕ್ಕೆ ಏನೂ ಬದಲಿಸಬೇಡಿ. ಒಂದು ತಿಂಗಳ ಹಿಂದಿನವರೆಗೂ ಅದೇ ಮದರ್‌ಬೋರ್ಡ್ ಚೆನ್ನಾಗಿ ನಡೆಯುತ್ತಿತ್ತು, ಅಲ್ವಾ? ಹಾಗಾದರೆ ಮೊದಲ ಅನುಮಾನ ಹೊಸದಾಗಿ ಬಂದವರ ಮೇಲೆ ಇರಬೇಕು. ಅಂಗಡಿಯವರ ಮೇಲೆ ಗೂಬೆ ಕೂರಿಸುತ್ತಿಲ್ಲ. ಎರಡು ಗಂಟೆಗೊಮ್ಮೆ ಕಾಣಿಸುವ ರೋಗ ನೋಡಲು ಎರಡು ಗಂಟೆ ಕಾಯಬೇಕು. ಅವರ ಟೇಬಲ್ ಮೇಲೆ ಇನ್ನೂ ಹತ್ತು ಮಷೀನ್ ಇರುತ್ತವೆ. ನಿಮ್ಮ ಹತ್ತಿರ ಸಮಯ ಇದೆ, ಅದೇ ನಿಮ್ಮ ಬಂಡವಾಳ.

ಕಾನ್‌ಫ್ಲಿಕ್ಟ್ ಅನ್ನುವ ಮಾತು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ. ಹಳೇ ಕಥೆ, ಬೇಡವಾದರೆ ಮುಂದಿನ ಪ್ಯಾರಾಗೆ ಹೋಗಿ. 1999ರಲ್ಲಿ ನಾನು ಅಸೆಂಬಲ್ ಮಾಡುವುದನ್ನು ಕಲಿಯುತ್ತಿದ್ದೆ. ವಿಂಡೋಸ್ 98 ಹಾಕಿದ ಒಂದು ಮಷೀನ್, ಅದಕ್ಕೆ ಒಳಗೆ ಕೂರುವ ಮೋಡೆಮ್ ಕಾರ್ಡ್. ಇಂಟರ್‌ನೆಟ್ಟಿಗೆ ಡಯಲ್ ಮಾಡಿದ ತಕ್ಷಣ ಮೋಡೆಮ್ ಕಿರುಚಲು ಶುರು ಮಾಡುತ್ತಿತ್ತು, ಅದೇ ಗಳಿಗೆಗೆ ಮೌಸ್ ಬಾಣ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಲೈನ್ ಕಟ್ ಮಾಡಿದರೆ ಮತ್ತೆ ಓಡಾಟ. ಎರಡು ದಿನ ಮೌಸ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ, ಏನೂ ಉಪಯೋಗ ಆಗಲಿಲ್ಲ. ಕೊನೆಗೆ ಗೊತ್ತಾಯಿತು: ಮೌಸ್ ಇದ್ದದ್ದು ಕಾಮ್ 1 ಅನ್ನುವ ಸೀರಿಯಲ್ ಪೋರ್ಟಿನಲ್ಲಿ, ಮೋಡೆಮ್ ಕಾಮ್ 3ರಲ್ಲಿ, ಆದರೆ ಎರಡಕ್ಕೂ ಐಆರ್‌ಕ್ಯೂ ನಂಬರ್ 4. "ನನ್ನ ಕಡೆ ನೋಡು" ಅಂತ ಪ್ರೊಸೆಸರನ್ನು ಕರೆಯುವ ಗಂಟೆ ಅಂದುಕೊಳ್ಳಿ ಈ ಐಆರ್‌ಕ್ಯೂ. ಆಗ ಇದ್ದದ್ದೇ 0ಯಿಂದ 15ರವರೆಗೆ ಹದಿನಾರು. ಕೀಬೋರ್ಡ್, ಫ್ಲಾಪಿ, ಹಾರ್ಡ್‌ಡಿಸ್ಕ್ ಎಲ್ಲ ಮೊದಲೇ ಒಂದೊಂದು ಹಿಡಿದು ಕೂತಿರುತ್ತಿದ್ದವು. ಮೋಡೆಮ್ ಕಾರ್ಡಿನ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಕಪ್ಪು ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಮುಚ್ಚಳ) ಒಂದಿತ್ತು. ಅದನ್ನು ಚಿಮಟದಲ್ಲಿ ಎಳೆದು, ಬೇರೆ ಗಂಟೆ ಇರುವ ಕಾಮ್ 2ರ ಪಿನ್ನಿಗೆ ಹಾಕಿದೆ, ಮದರ್‌ಬೋರ್ಡಿನ ಸ್ವಂತ ಕಾಮ್ 2 ಅನ್ನು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಸ್ಕ್ರೀನ್) ಆಫ್ ಮಾಡಿದೆ. ಮೋಡೆಮ್ ಕಿರುಚುತ್ತಿದ್ದರೂ ಮೌಸ್ ಓಡಿತು. ಆ ಖುಷಿ ಈಗಲೂ ನೆನಪಿದೆ.

ಆ ಜಗಳ ಈಗ ಹೆಚ್ಚುಕಡಿಮೆ ಮುಗಿದಿದೆ. ಕಾರ್ಡ್ ಕೂರಿಸಲು ಪಿಸಿಐ ಅನ್ನುವ ಸ್ಲಾಟ್ ಬಂದ ಮೇಲೆ ಒಂದೇ ಗಂಟೆಯನ್ನು ಇಬ್ಬರು ಮೂವರು ಹಂಚಿಕೊಳ್ಳಬಹುದು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಗಂಟೆಯ ತಂತಿಯೇ ಇಲ್ಲ, ಸಂದೇಶ ಕಳಿಸಿದರೆ ಆಯಿತು. ಹಾಗಾಗಿ ವಿಂಡೋಸ್‌ನ ಸಿಸ್ಟಮ್ ಇನ್‌ಫರ್ಮೇಶನ್ ತೆರೆದು, ಅಲ್ಲಿ "ಕಾನ್‌ಫ್ಲಿಕ್ಟ್ಸ್/ಶೇರಿಂಗ್" ಅಂತ ಉದ್ದ ಪಟ್ಟಿ ಕಂಡರೆ ಗಾಬರಿ ಬೀಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಶೇರಿಂಗ್, ಜಗಳ ಅಲ್ಲ. ನಿಜವಾದ ತಕರಾರು ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಒಳಗೆ "ಕೋಡ್ 12" ಅಂತ ಇರುತ್ತದೆ. ಅದು ಇಲ್ಲ ಅಂದರೆ ಹಳೇ ಅರ್ಥದ ಕಾನ್‌ಫ್ಲಿಕ್ಟ್ ಇದಲ್ಲ.

ಈಗಿನ ಜಗಳ ಬೇರೆ ಥರ. ಹೋದ ವರ್ಷ ನಮ್ಮ ಅಕ್ಕನ ಮಗನ ಮಷೀನ್ ನಿಮ್ಮದರ ಹಾಗೇ ಆಡುತ್ತಿತ್ತು. ರಾತ್ರಿ ಹತ್ತಕ್ಕೆ ಫೋನ್: "ಮಾಮ, ಮತ್ತೆ ಹ್ಯಾಂಗ್ ಆಯ್ತು." ಹೋಗಿ ನೋಡಿದೆ. ಹಳೇ ರ‍್ಯಾಮ್ ಸ್ಟಿಕ್ಕರ್ ಮೇಲೆ ವೇಗ 2400, 1.2 ವೋಲ್ಟ್. ಹೊಸದರ ಮೇಲೆ 3200, 1.35 ವೋಲ್ಟ್. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಹಳೆಯದು ಪಾಸ್, ಹೊಸದೂ ಪಾಸ್. ಎರಡನ್ನೂ ಒಟ್ಟಿಗೆ ಹಾಕಿದಾಗ ಅರ್ಧ ಗಂಟೆಯಲ್ಲಿ ಕೆಂಪು ಗೆರೆಗಳು ಸಾಲುಸಾಲಾಗಿ ಇಳಿದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕರ್ ಮೇಲಿನ ಹೆಚ್ಚಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಇತ್ತು. ಹೊಸ ರ‍್ಯಾಮಿನ ವೇಗಕ್ಕೆ ಹಳೆಯದನ್ನೂ ಓಡಿಸಲು ಹೋಗಿ ಎಡವುತ್ತಿತ್ತು. ಎಕ್ಸ್‌ಎಂಪಿ ಆಫ್ ಮಾಡಿದೆ, ಎರಡೂ 2133ಕ್ಕೆ ಇಳಿದವು. ಆಮೇಲೆ ರಾತ್ರಿಯಿಡೀ ಓಡಿಸಿದರೂ ಒಂದು ತಪ್ಪು ಬರಲಿಲ್ಲ. ವೇಗ ಹೋಯಿತು ಅಂತ ಅವನಿಗೆ ಸ್ವಲ್ಪ ಬೇಜಾರು. ಆಫೀಸ್ ಕೆಲಸದಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಗೇಮ್ ಆಡುವವರಿಗೆ ಮಾತ್ರ.

ನೀವು ಮೊದಲು ಮಾಡಬೇಕಾದದ್ದು ಬರೀ ನೋಡುವುದು. ಮುಂದಿನ ಸಲ ನಿಂತಾಗ ತಕ್ಷಣ ಪವರ್ ಬಟನ್ ಒತ್ತಬೇಡಿ. ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ, ಡಿಸ್ಕ್‌ಗೋ ಯಾವುದೋ ಡ್ರೈವರ್‌ಗೋ ಕಾಯುತ್ತಿದೆ ಅಂತ ಅರ್ಥ. ಎರಡು ನಿಮಿಷ ಬಿಟ್ಟರೆ ತಾನೇ ಎದ್ದರೂ ಏಳಬಹುದು. ದೀಪ ಅಲ್ಲಾಡದೆ, ಓಡುತ್ತಿದ್ದ ಹಾಡು ಒಂದೇ ಅಕ್ಷರಕ್ಕೆ ಸಿಕ್ಕಿ ಗರ್‌ರ್ ಅನ್ನುತ್ತಿದ್ದರೆ ಪೂರ್ತಿ ಹೋಗಿದೆ. ಆಗ ರ‍್ಯಾಮ್, ಕರೆಂಟು, ಬಿಸಿ ಈ ಕಡೆ ನೋಡಬೇಕು.

ಆಮೇಲೆ ಹಿಂದಕ್ಕೆ ಹೋಗಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಹೊಸ ರ‍್ಯಾಮ್ ಮಾತ್ರ ತೆಗೆಯಿರಿ, ಎಸ್‌ಎಸ್‌ಡಿ ಮುಟ್ಟಬೇಡಿ. ಎರಡು ದಿನ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ತೆಗೆದು ಸರಿಯಾದರೆ ಯಾರಿಂದ ಸರಿಯಾಯಿತು ಅಂತ ಹೇಗೆ ಹೇಳುತ್ತೀರಿ? ನಿಮ್ಮ ಅಂಗಡಿಯಲ್ಲಿ ಆದದ್ದೂ ಇದೇ, ಎರಡೂ ಒಂದೇ ದಿನ ಒಳಗೆ ಹೋದವು.

ರ‍್ಯಾಮ್ ತೆಗೆದ ಮೇಲೆ ನಿಂತುಹೋಗುವುದು ತಪ್ಪಿದರೆ ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನುವ ಹಾಗೆ ಕೂರಿಸಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು, ಮ್ಯಾನ್ಯುಯಲ್ ನೋಡಿಕೊಳ್ಳಿ. ಎಕ್ಸ್‌ಎಂಪಿ ಆಫ್ ಮಾಡಿ. ರಾತ್ರಿ ಊಟ ಆದ ಮೇಲೆ ಮೆಮ್‌ಟೆಸ್ಟ್ ಹಚ್ಚಿ ಮಲಗಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ "ಒಂದೇ ತಾನೇ" ಅನ್ನಬೇಡಿ. ರ‍್ಯಾಮ್ ವಿಷಯದಲ್ಲಿ ಒಂದು ತಪ್ಪೂ ಜಾಸ್ತಿಯೇ. ಆಗ ಹೊಸದನ್ನು ವಾಪಸ್ ಕೊಟ್ಟು, ಆಗುವುದಾದರೆ ಒಂದೇ ಪ್ಯಾಕಿನ ಜೋಡಿ ತೆಗೆದುಕೊಳ್ಳಿ.

ರ‍್ಯಾಮ್ ತೆಗೆದರೂ ಹ್ಯಾಂಗ್ ಆದರೆ ಎಸ್‌ಎಸ್‌ಡಿ ಕಡೆ ಬನ್ನಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೋ ಎರಡೋ ಸಾಟಾ ಪೋರ್ಟ್ (ಹಾರ್ಡ್‌ಡಿಸ್ಕ್ ಕೇಬಲ್ ಸಿಕ್ಕಿಸುವ ಜಾಗ) ಬಂದ್ ಆಗುತ್ತವೆ. ಆಗ ಹಳೇ ಹಾರ್ಡ್‌ಡಿಸ್ಕ್ ಕಾಣಿಸುವುದೇ ಇಲ್ಲ. ನಿಮಗೆ ಕಾಣಿಸುತ್ತಿದೆ ಅಂದಿದ್ದೀರಿ, ಹಾಗಾಗಿ ಅದಲ್ಲ. ಆದರೆ ಎಸ್‌ಎಸ್‌ಡಿ ಹಾಕುವಾಗ ಹಳೇ ಸಾಟಾ ಕೇಬಲ್‌ಗೆ ಕೈ ತಾಗಿ ಸಡಿಲ ಆಗಿರಬಹುದು. ಇದು ನಾನು ತುಂಬಾ ಸಲ ನೋಡಿದ ವಿಷಯ. ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು, ನಿಂತ ಹೊತ್ತಿಗೆ ನಂಬರ್ 129 ಅಥವಾ 153 ಇದೆಯಾ ನೋಡಿ. ಇದ್ದರೆ ವಿಂಡೋಸ್ ಡಿಸ್ಕ್ ಅನ್ನು ಕೂಗಿ ಕೂಗಿ ಉತ್ತರ ಸಿಗದೆ ಕೂತಿತ್ತು ಅಂತ. ಹೊಸ ಕೇಬಲ್‌ಗೆ ನೂರಿನ್ನೂರು ರೂಪಾಯಿ ಸಾಕು, ಮೊದಲು ಅದನ್ನು ಹಾಕಿ ನೋಡಿ.

ಅಲ್ಲೇ ಕರ್ನಲ್-ಪವರ್ 41 ಅಂತ ಕೆಂಪು ಗುರುತು ಸಾಲಾಗಿ ಕಾಣುತ್ತದೆ. ಅದನ್ನು ಹಿಡಿದುಕೊಂಡು ಸುಮ್ನೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬಿ) ಬದಲಿಸಿದವರಿದ್ದಾರೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದು ಹೇಳುವುದು. ನೀವು ಬಟನ್ ಒತ್ತಿ ಆರಿಸಿದರೂ ಬರುತ್ತದೆ, ಕರೆಂಟ್ ಹೋದರೂ ಬರುತ್ತದೆ. ವೀಆ-ಲಾಗರ್ (WHEA-Logger) ಅನ್ನುವ ಹೆಸರು ಕಂಡರೆ ಮಾತ್ರ ಗಮನ ಕೊಡಿ, ಅದು ಹಾರ್ಡ್‌ವೇರ್ ತಾನೇ ಕೊಟ್ಟ ದೂರು.

ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ. ಬಯೋಸ್ ಸ್ಕ್ರೀನ್ ತೆರೆದು ಅರ್ಧ ಗಂಟೆ ಹಾಗೇ ಬಿಡಿ. ಅಲ್ಲೂ ನಿಂತರೆ ವಿಂಡೋಸ್, ಡ್ರೈವರ್ ಎಲ್ಲ ನಿರಪರಾಧಿ. ನಿಲ್ಲಲಿಲ್ಲ ಅಂದ ಮಾತ್ರಕ್ಕೆ ಹಾರ್ಡ್‌ವೇರ್ ಸರಿ ಇದೆ ಅಂದುಕೊಳ್ಳಬೇಡಿ, ಅಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಪ್ರಿಂಟರ್, ಡಾಂಗಲ್, ಹಬ್ ಎಲ್ಲ ಒಂದು ದಿನ ಕಿತ್ತಿಡಿ. ಫ್ಯಾನ್ ಮೇಲಿನ ಧೂಳು ಹೇಗೂ ಒರೆಸುತ್ತೀರಿ.

ಇಷ್ಟು ಮಾಡಿ ಎರಡು ರ‍್ಯಾಮ್‌ಗಳ ಸ್ಟಿಕ್ಕರ್ ಫೋಟೋ, ಮದರ್‌ಬೋರ್ಡ್ ಮಾಡೆಲ್, ಕ್ಯಾಪ್ಸ್ ಲಾಕ್ ದೀಪ ಏನು ಮಾಡಿತು ಅನ್ನುವುದನ್ನು ಇದರ ಕೆಳಗೇ ಹಾಕಿ. ಹಳೇ ರ‍್ಯಾಮ್ ಒಂದೇ ಇದ್ದಾಗ, ಕೇಬಲ್ ಬದಲಿಸಿ, ಎಸ್‌ಎಸ್‌ಡಿಯನ್ನೂ ತೆಗೆದ ಮೇಲೂ ನಿಲ್ಲುತ್ತಿದ್ದರೆ ಪರಿಚಯದವರ ಎಸ್‌ಎಂಪಿಎಸ್ ಒಂದು ದಿನಕ್ಕೆ ಕೇಳಿ ತಂದು ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆಗ ಮದರ್‌ಬೋರ್ಡ್ ಮಾತು ತೆಗೆಯೋಣ.