ನಾಲ್ಕು ಜನ ಮಾಜಿ ಸೈನಿಕರು ಸೇರಿ ಬಿಸಿನೆಸ್ ಮಾಡಬಹುದಾ?

ಪ್ರಶ್ನೆ: ಸೇನೆಯ ಇಎಂಇಯಲ್ಲಿ (ವಾಹನ, ಯಂತ್ರ ರಿಪೇರಿ ಮಾಡುವ ವಿಭಾಗ) ಮೆಕ್ಯಾನಿಕ್ ಆಗಿದ್ದು, ಹವಾಲ್ದಾರ್ ಆಗಿ ನಿವೃತ್ತನಾದೆ. ಸಾಗರದ ಹತ್ತಿರ ಹಳ್ಳಿ. ನಾವು ನಾಲ್ಕು ಜನ ಮಾಜಿ ಸೈನಿಕರು ತಲಾ 5 ಲಕ್ಷ ಹಾಕಿ ಅಡಿಕೆ ಸುಲಿಯುವ ಯಂತ್ರ, ಮದ್ದು ಹೊಡೆಯುವ ತಂಡ, ಒಂದು ಪಿಕಪ್ ಗಾಡಿ ಇಟ್ಟುಕೊಳ್ಳಬೇಕೆಂದಿದ್ದೇವೆ. ಒಬ್ಬರು ಸುಬೇದಾರ್ ಸಾಬ್, ಒಬ್ಬರು ಡ್ರೈವರ್, ಇನ್ನೊಬ್ಬರು ಕ್ಲರ್ಕ್ ಆಗಿದ್ದವರು. ಪಾಲುದಾರಿಕೆ ಮಾಡಿಕೊಳ್ಳುವುದು ಸರಿಯಾ?

ಉತ್ತರ: ಮಾಜಿ ಸೈನಿಕ ಅಂದರೆ ಸೆಕ್ಯುರಿಟಿ ಕೆಲಸ ಅಂತಲೇ ಎಲ್ಲರೂ ಅಂದುಕೊಳ್ಳುವಾಗ ನೀವು ತೋಟದ ಕಡೆ ನೋಡಿದ್ದು ಖುಷಿಯ ವಿಷಯ. ಕೆಲಸಕ್ಕೆ ಜನ ಸಿಗದೆ ಮಲೆನಾಡಿನ ತೋಟದವರು ಒದ್ದಾಡುತ್ತಿದ್ದಾರೆ. ಹೇಳಿದ ದಿನಕ್ಕೆ ಬರುವ ತಂಡಕ್ಕೆ ಗಿರಾಕಿಗಳ ಬರ ಇಲ್ಲ.

ಆದರೆ ಮೊದಲ ವರ್ಷವೇ ದುಡ್ಡು ಒಟ್ಟು ಹಾಕಬೇಡಿ. ನಾಲ್ಕು ಜನ ನಾಲ್ಕು ಬೇರೆ ಲೆಕ್ಕ ಇಟ್ಟುಕೊಂಡು, ಒಬ್ಬರ ಕೆಲಸ ಇನ್ನೊಬ್ಬರಿಗೆ ಕೊಡಿ. ಸುಲಿಯುವ ಯಂತ್ರ ನಿಮ್ಮ ಹೆಸರಲ್ಲಿ, ಗಾಡಿ ಡ್ರೈವರ್ ಹೆಸರಲ್ಲಿ. ಕ್ಲರ್ಕ್ ಆಗಿದ್ದವರು ಎಲ್ಲರ ಬಿಲ್ಲು, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ), ಬ್ಯಾಂಕ್ ಓಡಾಟ ನೋಡಿಕೊಂಡು ಸಂಬಳ ತಗೊಳ್ಳಲಿ. ಸುಬೇದಾರ್ ಸಾಬ್ ಆಳು ಹೊಂದಿಸುವುದು, ತೋಟದವರ ಹತ್ತಿರ ಮಾತಾಡುವುದು ನೋಡಲಿ.

ಯಾಕೆ ಅಂದರೆ, ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಬ್ಬರು ಸಂಸ್ಥೆಯ ಹೆಸರಲ್ಲಿ ಮಾಡಿದ ಸಾಲಕ್ಕೆ ನಿಮ್ಮ ಮನೆ, ತೋಟವೂ ಸಿಕ್ಕಿಹಾಕಿಕೊಳ್ಳಬಹುದು. ನೋಂದಣಿ ಕಡ್ಡಾಯವೇನಲ್ಲ, ನಿಜ. ಆದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಸಂಸ್ಥೆ ಬಾಕಿ ಕೊಡದ ಗಿರಾಕಿಯ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಎರಡು ಸೀಸನ್ ಚೆನ್ನಾಗಿ ನಡೆದ ಮೇಲೆ ಒಟ್ಟಾಗಲೇಬೇಕು ಅನ್ನಿಸಿದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಮಾಡಿ. ಅಲ್ಲಿ ಸಾಮಾನ್ಯವಾಗಿ ಹೊಣೆ ನೀವು ಹಾಕಿದ ಬಂಡವಾಳಕ್ಕೇ ಸೀಮಿತ.

ಬೇರೆ ಬೇರೆ ಇದ್ದರೆ ಇನ್ನೊಂದು ಲಾಭವೂ ಇದೆ. ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆ) ಸಾಲ ಪಾಲುದಾರಿಕೆ ಸಂಸ್ಥೆಗೆ ಸಿಗುವುದಿಲ್ಲ, ವ್ಯಕ್ತಿಗೆ ಸಿಗುತ್ತದೆ. ಅದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗ: ಸ್ವಂತ ಪಾಲು 5%, ಹಳ್ಳಿಯಲ್ಲಾದರೆ ಸಬ್ಸಿಡಿ 35%. ಸುಲಿಯುವ ಕೆಲಸ ಮಳೆಗಾಲ ಮುಗಿದ ಮೇಲೆ ಕೆಲವೇ ತಿಂಗಳು, ಕೊಳೆರೋಗದ ಮದ್ದು ಮಳೆಗಾಲದಲ್ಲಿ. ಉಳಿದ ತಿಂಗಳು ಕಂತು ಕಟ್ಟೋದು ಹೇಗೆ? ಅದಕ್ಕೇ ನೀವು ವೀಡ್ ಕಟರ್, ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪ್ ಇಡಲು ಈ ಸಾಲಕ್ಕೆ ಅರ್ಜಿ ಹಾಕಿ. ಸಬ್ಸಿಡಿ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಈಗಿನ ನಿಯಮ ಏನಿದೆ ಅಂತ ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ಕೇಳಿಕೊಳ್ಳಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೂ ಹೋಗಿ ಬನ್ನಿ.

ಇನ್ನು ರ‍್ಯಾಂಕ್ ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಜಗಳ ಮಾತ್ರ ಇಲ್ಲಿಂದಲೇ ಶುರುವಾಗುತ್ತದೆ. ರಾತ್ರಿ ಒಂಬತ್ತಕ್ಕೆ ಒಬ್ಬರ ಅಂಗಳದಲ್ಲಿ ಯಂತ್ರದ ಬೆಲ್ಟ್ ಕಿತ್ತುಹೋಗಿದೆ ಅಂದುಕೊಳ್ಳಿ. ಕೊಯ್ದ ಅಡಿಕೆ ಗೊನೆಗಳ ರಾಶಿ ಬಿದ್ದಿದೆ, ಒಲೆ ಮೇಲೆ ಅಡಿಕೆ ಬೇಯಿಸುವ ಹಂಡೆ ಕಾಯುತ್ತಿದೆ. 'ಹೇಗಾದರೂ ಓಡಿಸು' ಅಂತ ಸುಬೇದಾರ್ ಸಾಬ್ ಹೇಳುತ್ತಾರೆ, ನೀವು ಹಳೇ ಅಭ್ಯಾಸದಲ್ಲಿ 'ಜೀ ಸಾಬ್' ಅಂತೀರಿ. ಬ್ಲೇಡೂ ಹೋಗುತ್ತದೆ. ಯಂತ್ರ ನಿಲ್ಲಿಸಬೇಕಾ ಅನ್ನುವುದು ಮೆಕ್ಯಾನಿಕ್ ಹೇಳಬೇಕಾದ ಮಾತು, ಅಲ್ವಾ? ಅವರನ್ನು ಸಾಬ್ ಅಂತಲೇ ಕರೆಯಿರಿ, ತೊಂದರೆ ಇಲ್ಲ. ಆದರೆ ದರ ಯಾರು ಹೇಳಬೇಕು, ರಿಪೇರಿ ಯಾರ ತೀರ್ಮಾನ, ಉದ್ರಿ ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ.

ಇನ್ನೊಂದು ಮಾತು: ಒಬ್ಬರಿಗೊಬ್ಬರು ಸುಮ್ನೆ ಪುಕ್ಕಟೆ ಕೆಲಸ ಮಾಡಿಕೊಡಬೇಡಿ. ಗಾಡಿ ಓಡಿದರೆ ಬಾಡಿಗೆ ಕೊಡಿ, ಬೇಕಾದರೆ ಸ್ವಲ್ಪ ಕಮ್ಮಿ ಮಾಡಿ. ಬೇರೆ ಮಾಜಿ ಸೈನಿಕರ ತೋಟಕ್ಕೆ ಹೋದಾಗಲೂ ಅಷ್ಟೇ. ಅವರ ಸರದಿ ಮುಂಚೆ ಬರಲಿ, ದುಡ್ಡು ಮಾತ್ರ ಎಲ್ಲರ ಹಾಗೆ.

ಪ್ರಶ್ನೆ: ನಮ್ಮ ಯಜಮಾನರ ಜೊತೆ ಸೇನೆಯಲ್ಲಿದ್ದವರು ಹೋಟೆಲ್ ಸಾಲಕ್ಕೆ ಜಾಮೀನು ಕೇಳುತ್ತಿದ್ದಾರೆ. ಇವರು 'ಹೆಸರಿಗಷ್ಟೇ' ಅಂತಾರೆ. ನನಗೆ ಭಯ. — ತೀರ್ಥಹಳ್ಳಿಯ ಗೃಹಿಣಿ

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ ತಾಯಿ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬೇರೆ ಒಪ್ಪಂದ ಇಲ್ಲದಿದ್ದರೆ ಬ್ಯಾಂಕಿನವರು ಮೊದಲು ಸಾಲಗಾರನನ್ನೇ ಹಿಡಿಯಬೇಕೆಂದಿಲ್ಲ, ನೇರ ನಿಮ್ಮ ಮನೆಗೂ ಬರಬಹುದು. ಸಣ್ಣ ಉದ್ಯಮದ ಸಾಲಕ್ಕೆ ಒಂದು ಮಿತಿಯವರೆಗೆ ಬ್ಯಾಂಕ್ ಅಡಮಾನ ಕೇಳಬಾರದು ಅಂತ ಆರ್‌ಬಿಐ ನಿಯಮ ಇದೆ. ಅದಕ್ಕಿಂತ ಜಾಸ್ತಿ ಇದ್ದರೂ ಸರ್ಕಾರದ ಸಾಲ ಖಾತರಿ ಯೋಜನೆ ಇದೆ, ಸಿಜಿಟಿಎಂಎಸ್‌ಇ ಅಂತ. ಅದನ್ನು ಬ್ಯಾಂಕಿನಲ್ಲಿ ಕೇಳಲು ಆ ಸ್ನೇಹಿತರಿಗೆ ಹೇಳಿ. ನಿಮ್ಮ ಯಜಮಾನರು ಅವರ ಜೊತೆ ಮ್ಯಾನೇಜರ್ ಹತ್ತಿರ ಹೋಗಲಿ, ಕಾಗದಪತ್ರ ಹೊಂದಿಸಿಕೊಡಲಿ. ದುಡ್ಡೇ ಕೊಡಬೇಕು ಅಂತಿದ್ದರೆ, ವಾಪಸ್ ಬರದಿದ್ದರೂ ಮನೆ ನಡೆಯುವಷ್ಟನ್ನು ಮಾತ್ರ ಬ್ಯಾಂಕ್ ಮೂಲಕ, ಬರೆಸಿಕೊಂಡು ಕೊಡಿ.