ನಾಲ್ಕನೇ ತರಗತಿಗೆ ಪಟ್ಟಣದ ಶಾಲೆಗೆ ಸೇರಿಸಿದರೂ ನವೋದಯದ ಗ್ರಾಮೀಣ ಸೀಟು ಸಿಗುತ್ತದೆಯೇ?

ಇಲ್ಲ. ನವೋದಯ ಎಂದರೆ ಆರನೇ ತರಗತಿಯಿಂದ ಶುರುವಾಗುವ ಕೇಂದ್ರ ಸರ್ಕಾರದ ವಸತಿ ಶಾಲೆ. ಅದರ ಗ್ರಾಮೀಣ ಸೀಟಿಗೆ ಮನೆ ಹಳ್ಳಿಯಲ್ಲಿದ್ದರೆ ಸಾಲದು. 3, 4, 5 ಮೂರೂ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ತಿ ಓದಿರಬೇಕು. ನಡುವೆ ಒಂದೇ ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೇ ಮೀಸಲಾದ್ದರಿಂದ ಈ ನಷ್ಟ ಸಣ್ಣದಲ್ಲ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆಯಲೂ ಬಿಡುವುದಿಲ್ಲ.

ತಯಾರಿಗೆಂದು ಪಟ್ಟಣದ ಶಾಲೆ ಬೇಕಾಗಿಯೂ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ: 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಚಿತ್ರ ನೋಡಿ ಯೋಚಿಸುವ ಪ್ರಶ್ನೆಗಳಿಗೆ. ಒಂದು ರದ್ದಿ ಕಾಗದವನ್ನು ನಾಲ್ಕಾಗಿ ಮಡಚಿ ಒಂದು ತೂತು ಹಾಕಿ, ಬಿಚ್ಚುವ ಮೊದಲೇ ತೂತುಗಳು ಎಲ್ಲೆಲ್ಲಿ ಬರುತ್ತವೆ ಎಂದು ಮಗುವನ್ನು ಕೇಳಿ. ಪರೀಕ್ಷೆಯಲ್ಲಿ ಬರುವುದೂ ಇಂಥದ್ದೇ.