ಸೆಲ್ಫ್ ತಿರುಗುತ್ತದೆ, ಪ್ಲಗ್‌ಗೆ ಕರೆಂಟ್ ಬರುತ್ತಿಲ್ಲ

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ಕೊಂಡದ್ದು, ಮಾರಲು ಮನಸ್ಸಿಲ್ಲ. ಸೊಸೈಟಿಯ ಅಂಗಳದಲ್ಲಿ ಬಯಲಲ್ಲೇ ನಿಲ್ಲಿಸುತ್ತೇನೆ. ಕಳೆದ ವಾರದ ಜೋರು ಮಳೆಯ ನಂತರ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್‌ಗೆ ಕರೆಂಟ್ ಬರುತ್ತಿಲ್ಲ ಎಂದು ಮೆಕ್ಯಾನಿಕ್ ಕಾಯಿಲ್ ಬದಲಿಸಿದರು. ಉಪಯೋಗವಾಗಲಿಲ್ಲ. ಈಗ ಡಿಸ್ಟ್ರಿಬ್ಯೂಟರನ್ನೇ ಪೂರ್ತಿ ಬದಲಿಸಬೇಕು ಎನ್ನುತ್ತಿದ್ದಾರೆ. ಚೌತಿಗೆ ಉಡುಪಿಗೆ ಹೋಗಬೇಕು. ಏನು ಮಾಡಲಿ?
– ಓದುಗರು, ಮುಲುಂಡ್

ಉತ್ತರ: ಡಿಸ್ಟ್ರಿಬ್ಯೂಟರ್ ಈಗಲೇ ಹಾಕಿಸಬೇಡಿ. ಬ್ಯಾಟರಿಯ 12 ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವುದು ಕಾಯಿಲ್, ಅದನ್ನು ಒಂದೊಂದೇ ಪ್ಲಗ್‌ಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ಕಾಯಿಲ್ ಬದಲಿಸಿದ್ದು ಊಹೆಯ ಮೇಲೆ. ಡಿಸ್ಟ್ರಿಬ್ಯೂಟರ್ ಕೂಡ ಊಹೆಯೇ ಆದರೆ ದುಡ್ಡೂ ಹೋಗುತ್ತದೆ, ಗಾಡಿಯೂ ನಿಂತಲ್ಲೇ ಇರುತ್ತದೆ. ಕರೆಂಟ್ ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಒಂದು 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಮತ್ತು ಸೆಲ್ಫ್ ಹೊಡೆಯಲು ಇನ್ನೊಬ್ಬರು, ಅಷ್ಟೇ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಪೆಟ್ರೋಲ್ ವಾಸನೆ ಜಾಸ್ತಿ ಇದ್ದರೆ ಬಾನೆಟ್ ತೆರೆದಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಪ್ಲಗ್ ವೈರಿನಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್. ಎಂಜಿನ್ ತಿರುಗುವಾಗ ಆ ವೈರ್‌ಗಳನ್ನು ಮುಟ್ಟಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ಬರಬಾರದು.

ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಸೆಲ್ಫ್ ಹೊಡೆಸಿ, ಒಳಗಿನ ರೋಟರ್ (ತಿರುಗುತ್ತಾ ಕರೆಂಟ್ ಹಂಚುವ ತುಂಡು) ತಿರುಗುತ್ತದೆಯೇ ನೋಡಿ. ಅದು ತಿರುಗುವುದು ಕ್ಯಾಮ್‌ಶಾಫ್ಟಿನಿಂದ, ಕ್ಯಾಮ್‌ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟಿನಿಂದ. ರೋಟರ್ ಅಲ್ಲಾಡದಿದ್ದರೆ ಬೆಲ್ಟ್ ತುಂಡಾಗಿರಬಹುದು. ಆಗ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ, ಬೆಲ್ಟ್ ನೋಡಿಸಿ.

ರೋಟರ್ ತಿರುಗಿದರೆ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಮೊನೆಯನ್ನು ಕಾಯಿಲಿನ ಪ್ಲಸ್‌ಗೆ ತಾಗಿಸಿ. ಕೀ ಆನ್ ಮಾಡಿದಾಗ ಲ್ಯಾಂಪ್ ಉರಿಯಬೇಕು. ಸೆಲ್ಫ್ ಹೊಡೆಯುವಾಗಲೂ ಉರಿಯುತ್ತಲೇ ಇರಬೇಕು. ಈ ಎರಡನೆಯದನ್ನು ತುಂಬಾ ಜನ ನೋಡುವುದೇ ಇಲ್ಲ. ಸವೆದ ಇಗ್ನಿಷನ್ ಸ್ವಿಚ್ ಕೀ ಆನ್ ಇದ್ದಾಗ ಕರೆಂಟ್ ಕೊಟ್ಟು, ಸ್ಟಾರ್ಟ್‌ಗೆ ತಿರುಗಿಸಿದ ಕೂಡಲೇ ಕೈಕೊಡಬಹುದು. ಲ್ಯಾಂಪ್ ಉರಿಯದಿದ್ದರೆ ಫ್ಯೂಸ್, ಸ್ವಿಚ್, ವೈರಿಂಗ್ ನೋಡಿಸಿ. ಕಾಯಿಲಿನ ತಂಟೆಗೆ ಹೋಗಬೇಡಿ.

ಈಗ ಮೊನೆಯನ್ನು ಕಾಯಿಲಿನ ಮೈನಸ್‌ಗೆ ತಾಗಿಸಿ ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣಮಿಣ ಎನ್ನಬೇಕು. ಮಿಣುಕದಿದ್ದರೆ ತೊಂದರೆ ಹೆಚ್ಚಾಗಿ ಡಿಸ್ಟ್ರಿಬ್ಯೂಟರಿನ ಒಳಗೆ. ಸಿ.ಬಿ. ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್) ಇರುವ ಗಾಡಿಯಾದರೆ ಪಾಯಿಂಟ್ ಸುಟ್ಟಿರಬಹುದು, ಅದರ ಸಂದು ಮುಚ್ಚಿಹೋಗಿರಬಹುದು, ಕಂಡೆನ್ಸರ್ ಕೆಟ್ಟಿರಬಹುದು. ಎಲೆಕ್ಟ್ರಾನಿಕ್ ಆದರೆ, ಪಾಯಿಂಟಿನ ಬದಲು ಅದೇ ಕೆಲಸ ಮಾಡುವ ಪಿಕಪ್ ಕಾಯಿಲ್ ಅಥವಾ ಇಗ್ನೈಟರ್ ಕೆಟ್ಟಿರಬಹುದು. ಮೆಕ್ಯಾನಿಕ್ ಹೇಳಿದ್ದು ಸರಿಯಾಗುವುದು ಇಲ್ಲಿ ಮಾತ್ರ. ಆಗಲೂ ಡಿಸ್ಟ್ರಿಬ್ಯೂಟರ್ ಪೂರ್ತಿ ಬದಲಿಸುವ ಮೊದಲು ಆ ಬಿಡಿಭಾಗ ಸಿಗುತ್ತದೆಯೇ ಎಂದು ಕುರ್ಲಾದ ಸಿಎಸ್‌ಟಿ ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ.

ಲ್ಯಾಂಪ್ ಮಿಣುಕಿತು, ಆದರೂ ಪ್ಲಗ್‌ನಲ್ಲಿ ಕಿಡಿ ಇಲ್ಲ ಅಂದರೆ? ನಿಮ್ಮ ಗಾಡಿಯದು ಇದೇ ಇರಬೇಕು ಎಂದು ನನಗೆ ಅನಿಸುತ್ತದೆ. ಮಳೆಯಲ್ಲಿ ನಿಂತ ಗಾಡಿ, ಹೊಸ ಕಾಯಿಲ್, ಆದರೂ ಕಿಡಿ ಇಲ್ಲ ಎಂದರೆ ನಾನು ಮೊದಲು ನೋಡುವುದು ಕ್ಯಾಪ್ ಮತ್ತು ರೋಟರ್.

ನನಗೂ ಹೀಗೇ ಆಗಿತ್ತು. ಆಗ ಚೆಂಬೂರಿನಲ್ಲಿದ್ದೆವು. ಗ್ಯಾರೇಜಿನವರು ಕಾಯಿಲ್, ಪ್ಲಗ್, ವೈರ್ ಎಲ್ಲ ಹೊಸದು ಹಾಕಿದ್ದರು. ಗಾಡಿ ಹಿಡಿಯಲಿಲ್ಲ. ರಾತ್ರಿ ಪಾರ್ಕಿಂಗ್‌ನ ದೀಪ ಆರಿಸಿ ಬಾನೆಟ್ ಎತ್ತಿದೆ. ನನ್ನ ಹೆಂಡತಿ ಸೆಲ್ಫ್ ಹೊಡೆದಳು. ಚಟಚಟ ಸದ್ದು. ಕ್ಯಾಪಿನ ಮೈಮೇಲೆ ಕೂದಲಿನಷ್ಟು ತೆಳ್ಳಗೆ ನೀಲಿ ಎಳೆಯೊಂದು ಹರಿದಾಡಿತು. ಪ್ಲಗ್‌ಗೆ ಹೋಗಬೇಕಾದ ಕರೆಂಟ್ ಬಿರುಕಿನ ಪಸೆಯ ದಾರಿ ಹಿಡಿದು ಎಂಜಿನ್ನಿನ ಲೋಹಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಕ್ಯಾಪ್ ಬಿಚ್ಚಿ ನೋಡಿದರೆ, ಒಳಗೂ ಎರಡು ಟರ್ಮಿನಲ್‌ಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಈ ಗೆರೆಯನ್ನು ಉಜ್ಜಿ ತೆಗೆದರೆ ನಾಲ್ಕು ದಿನ ಓಡಬಹುದು, ಮತ್ತೆ ಬಂದೇ ಬರುತ್ತದೆ. ಕ್ಯಾಪ್ ಬದಲಿಸಲೇಬೇಕು.

ನೀವೂ ಕತ್ತಲಲ್ಲಿ ನೋಡಿ. ಏನೂ ಕಾಣದಿದ್ದರೆ, ಕಾಯಿಲಿನಿಂದ ಕ್ಯಾಪಿನ ನಡುವಿಗೆ ಬರುವ ವೈರನ್ನು ಕ್ಯಾಪಿನಿಂದ ಕಿತ್ತು, ಅದರ ತುದಿ ಎಂಜಿನ್ನಿನ ಲೋಹದಿಂದ ಅರ್ಧ ಸೆಂಟಿಮೀಟರ್ ದೂರ ಇರುವ ಹಾಗೆ ಒಣ ಮರದ ಕಡ್ಡಿಗೆ ಕಟ್ಟಿ ನಿಲ್ಲಿಸಿ. ಸೆಲ್ಫ್ ಹೊಡೆದಾಗ ಅಲ್ಲಿ ನೀಲಿ ಕಿಡಿ ಟಕ್ ಟಕ್ ಎಂದು ಹಾರಿದರೆ ಕಾಯಿಲ್ ಸರಿ ಇದೆ, ತೊಂದರೆ ಕ್ಯಾಪ್, ರೋಟರ್ ಅಥವಾ ಪ್ಲಗ್ ವೈರ್‌ಗಳಲ್ಲಿ. ಕಿಡಿ ಹಾರದಿದ್ದರೆ ಆ ವೈರ್ ಅಥವಾ ಹೊಸ ಕಾಯಿಲೇ ಕೆಟ್ಟಿರಬಹುದು. ಹೊಸದು ಅಂದ ಮಾತ್ರಕ್ಕೆ ಸರಿ ಇರಬೇಕೆಂದೇನೂ ಇಲ್ಲ ಅಲ್ವಾ? ಆದರೆ ಒಂದು ಮಾತು: ಇದು ನಿಮ್ಮದರಂಥ ಹಳೆಯ ಕಾರ್ಬುರೇಟರ್ ಗಾಡಿಗೆ ಮಾತ್ರ. ಎಂಪಿಎಫ್‌ಐ, ಅಂದರೆ ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ಇಗ್ನೈಟರ್ ಅಥವಾ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸುಟ್ಟುಹೋಗಬಹುದು. ಅದಕ್ಕೆ ಸ್ಪಾರ್ಕ್ ಟೆಸ್ಟರನ್ನೇ ಬಳಸಬೇಕು.

ಕ್ಯಾಪ್ ಒದ್ದೆಯಾಗಿದ್ದು ಬಿರುಕಿಲ್ಲದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಕ್ಯಾಪಿನ ನಡುವಿನ ಪುಟ್ಟ ಇದ್ದಿಲ ಮೊಳೆಯನ್ನು ಬೆರಳಲ್ಲಿ ಒತ್ತಿ ನೋಡಿ. ಸ್ಪ್ರಿಂಗಿನ ಹಾಗೆ ಒಳಗೆ ಹೋಗಿ ಹೊರಗೆ ಬರಬೇಕು. ಇಷ್ಟು ದಿನ ಸೆಲ್ಫ್ ಹೊಡೆದೂ ಹೊಡೆದೂ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆಂದಿರುತ್ತವೆ. ಮೂರನ್ನೂ ಬಿಚ್ಚಿ ಒಣಗಿಸದೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಕಿಡಿ ಬಂದರೂ ಎಂಜಿನ್ ಹಿಡಿಯದೆ, ರಿಪೇರಿ ಸರಿಯಾಗಿಲ್ಲ ಎಂದು ಸುಮ್ನೆ ಗಾಬರಿಯಾಗುತ್ತೀರಿ.

ಇನ್ನೊಂದು ಕೆಲಸ. ತೆಗೆದಿಟ್ಟ ಹಳೆಯ ಕಾಯಿಲನ್ನು ಮೆಕ್ಯಾನಿಕ್ ಹತ್ತಿರ ಕೇಳಿ ತನ್ನಿ. ಮಲ್ಟಿಮೀಟರಿನಲ್ಲಿ ಪ್ಲಸ್–ಮೈನಸ್ ನಡುವೆ ಸುಮಾರು 1ರಿಂದ 3 ಓಮ್, ಪ್ಲಸ್‌ನಿಂದ ನಡುವಿನ ಟರ್ಮಿನಲ್‌ಗೆ ಸುಮಾರು 6ರಿಂದ 15 ಸಾವಿರ ಓಮ್ ತೋರಿಸಿದರೆ ಅದು ಬಹುಮಟ್ಟಿಗೆ ಚೆನ್ನಾಗಿಯೇ ಇದೆ. ಚೌತಿಗೆ ಹೊರಟಾಗ ಒಂದು ಸ್ಪೇರ್ ರೋಟರ್ ಮತ್ತು ಒಣ ಬಟ್ಟೆಯ ಜೊತೆ ಅದನ್ನೂ ಡಿಕ್ಕಿಯಲ್ಲಿಡಿ. ಮುಂಬಯಿ–ಗೋವಾ ದಾರಿಯ ಕಶೇಡಿ ಘಾಟಿಯ ಮಳೆಯಲ್ಲಿ ಗಾಡಿ ನಿಂತರೆ ಬೇಕಾಗುತ್ತದೆ.